ಬೆಡ್-ಸ್ಟೈ ಮನೆಗಳಲ್ಲಿ ಪಾಲು ಕೊಳ್ಳಲು ಹೊರಟ ಕನ್ನಡ ಬಾಂಧವರಿಗೆ ಬಹಿರಂಗ ಪತ್ರ

ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್‌ಗಳಲ್ಲಿ ನೆಲೆಸಿರುವ ಮಾನ್ಯ ಕನ್ನಡ ಬಾಂಧವರಿಗೆ,

ನಮಸ್ಕಾರಗಳು.

ಈ ಸಲದ ಯುಗಾದಿ ಕೂಟದಲ್ಲಿ ಹೋಳಿಗೆ ಊಟ ಮುಗಿದ ಮೇಲೆ ನಮ್ಮವರೇ ಇಬ್ಬರು ಪರದೆಯ ಮೇಲೆ ಒಂದು ಯೋಜನೆಯನ್ನು ತೋರಿಸಿದರು. ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವಸೆಂಟ್ (ಬೆಡ್-ಸ್ಟೈ) ಬಡಾವಣೆಯಲ್ಲಿ ಕಂದು ಕಲ್ಲಿನ ಮುಂಭಾಗವಿರುವ ಹಳೆಯ ಬ್ರೌನ್‌ಸ್ಟೋನ್ ಮನೆಗಳನ್ನು ಹತ್ತಾರು ಜನ ಹಣ ಸೇರಿಸಿ ಕೊಳ್ಳುವುದು, ಒಳಗಿನದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟುವುದು, ಎರಡು ಮೂರು ವರ್ಷದಲ್ಲಿ ಮಾರಿ ಲಾಭ ಹಂಚಿಕೊಳ್ಳುವುದು. ಸತ್ತುಹೋಗಿದ್ದ ಬಡಾವಣೆಗೆ ಈಗ ಜೀವ ಬಂದಿದೆ, ತಡ ಮಾಡಿದವರು ಕೆಟ್ಟರು ಎಂದು ಹುರಿದುಂಬಿಸಿದರು. ನಾನು ಎದ್ದು ನಿಂತು, ಮನೆಗಳನ್ನು ಯಾರಿಂದ ಕೊಳ್ಳುತ್ತೀರಿ, ಯಾವ ರೀತಿಯಲ್ಲಿ ಕೊಳ್ಳುತ್ತೀರಿ ಎಂದು ಕೇಳಿದೆ. "ಹಬ್ಬದ ದಿನ ಕೋರ್ಟು ಕಚೇರಿಯ ಮಾತು ಯಾಕೆ ಸಾರ್" ಎಂಬ ಉತ್ತರ ಬಂತು. ಸಭೆ ನಕ್ಕಿತು. ಕೋಲಾಟದ ಮಕ್ಕಳು ವೇದಿಕೆ ಹತ್ತಿದರು. ಅಲ್ಲಿ ಸಿಗದ ಉತ್ತರವನ್ನು ಈಗ ಎಲ್ಲರ ಎದುರಿಗೆ ಕೇಳುತ್ತಿದ್ದೇನೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಕಟ್ಟಡಗಳ ಮುಂಭಾಗ ದುರಸ್ತಿ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿ ಎಂಜಿನಿಯರ್. ಬೆಡ್-ಸ್ಟೈನಲ್ಲೇ ಒಂದು ಬ್ರೌನ್‌ಸ್ಟೋನಿನ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನಾನು ಪಕ್ಷಾತೀತನಲ್ಲ. ನೀವು ಕೊಳ್ಳುವ ಮನೆಗಳಿಂದ ಹೊರಬೀಳುವ ಬಾಡಿಗೆದಾರರಲ್ಲಿ ನಾಳೆ ನಾನೂ ಒಬ್ಬನಾಗಬಹುದು. ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಮುಂದೆ ಓದಿ.

ಪರದೆಯ ಮೇಲೆ "ಗಟ್ಟಿ ಕಲ್ಲಿನ ಮನೆಗಳು" ಎಂದು ಬರೆದಿತ್ತು. ಕೊಳ್ಳುವ ಮುಂಚೆ ಈ ಕಲ್ಲಿನ ಸಂಗತಿಯನ್ನಾದರೂ ತಿಳಿದುಕೊಳ್ಳಿ. ನ್ಯೂಯಾರ್ಕಿನ ಕಂದು ಕಲ್ಲು ಹೆಚ್ಚಾಗಿ ಬಂದದ್ದು ಕನೆಕ್ಟಿಕಟ್‌ನ ಪೋರ್ಟ್‌ಲೆಂಡ್ ಊರಿನ ಗಣಿಗಳಿಂದ, ನದಿಯ ದಾರಿಯಾಗಿ ದೋಣಿಗಳಲ್ಲಿ. ಅದು ಸುಮಾರು 20 ಕೋಟಿ ವರ್ಷ ಹಿಂದಿನ ಮರಳುಗಲ್ಲು. ಕಬ್ಬಿಣದ ಅಂಶಕ್ಕೆ ತುಕ್ಕು ಹಿಡಿದು ಆ ಬಣ್ಣ ಬಂದಿದೆ. ಮೃದು ಕಲ್ಲಾದ್ದರಿಂದ ಎಲೆ, ಬಳ್ಳಿ, ಸಿಂಹದ ಮುಖ ಏನು ಬೇಕಾದರೂ ಸಲೀಸಾಗಿ ಕೆತ್ತಬಹುದಿತ್ತು, ಅಗ್ಗವಾಗಿಯೂ ಸಿಗುತ್ತಿತ್ತು. ಆದರೆ ಇಡೀ ಮನೆ ಕಲ್ಲಿನದಲ್ಲ. ಗೋಡೆ ಇಟ್ಟಿಗೆಯದು, ಬೀದಿಯ ಕಡೆಗೆ ಮಾತ್ರ ನಾಲ್ಕಾರು ಅಂಗುಲದ ಕಲ್ಲಿನ ಹೊದಿಕೆ. ಕಲ್ಲು ನೆಲದೊಳಗೆ ಹೇಗೆ ಪದರ ಪದರವಾಗಿ ಮಲಗಿತ್ತೋ ಹಾಗೆಯೇ ಗೋಡೆಯಲ್ಲೂ ಮಲಗಿಸಬೇಕು ಎಂಬುದು ಕಲ್ಲುಕುಟಿಗರ ಹಳೆಯ ನಿಯಮ. ಹತ್ತೊಂಬತ್ತನೆಯ ಶತಮಾನದ ಬಿಲ್ಡರುಗಳಿಗೆ ಅಷ್ಟು ವ್ಯವಧಾನವಿರಲಿಲ್ಲ. ಹಲಗೆಯಂತೆ ಸೀಳಿ ನೆಟ್ಟಗೆ ನಿಲ್ಲಿಸಿಬಿಟ್ಟರು. ಪದರಗಳ ನಡುವೆ ನೀರಿಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ, ಕಲ್ಲು ಹಕ್ಕಳೆ ಹಕ್ಕಳೆಯಾಗಿ ಎದ್ದು ಬೀಳುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿಯಿರುವ ಕಡೆ ಕಣ್ ಕಣ್ ಎನ್ನುತ್ತದೆ, ಬಿಟ್ಟುಕೊಂಡಿರುವ ಕಡೆ ಟೊಳ್ಳು ಸದ್ದು. ನನ್ನ ಅರ್ಧ ನೌಕರಿ ಈ ಸದ್ದು ಕೇಳುವುದೇ.

ಪೋರ್ಟ್‌ಲೆಂಡಿನ ಗಣಿಗಳು 1930ರ ದಶಕದ ನೆರೆಗಳಲ್ಲಿ ಮುಳುಗಿದ ಮೇಲೆ ಆ ಕಲ್ಲು ಸಿಗುವುದೇ ದುರ್ಲಭವಾಯಿತು. ಈಗ ನಡೆಯುವ ದುರಸ್ತಿಯೆಲ್ಲ ಹೆಚ್ಚುಕಡಿಮೆ ಗಾರೆ ಕೆಲಸ. ಸಡಿಲವಾದದ್ದನ್ನು ಗಟ್ಟಿ ಕಲ್ಲು ಸಿಗುವವರೆಗೆ ಉಳಿಯಿಂದ ತೆಗೆದು, ಒರಟು ಪದರವೊಂದನ್ನು ಮೆತ್ತಿ ಗೀರು ಹಾಕಿ, ಅದರ ಮೇಲೆ ಬಣ್ಣ ಬೆರೆಸಿದ ಕೊನೆಯ ಪದರ ಬಳಿದು, ಕಲ್ಲಿನ ಮೈ ಕಾಣುವ ಹಾಗೆ ಕೈಯಲ್ಲೇ ಕೆತ್ತಬೇಕು. ಸಿಮೆಂಟು ಜಾಸ್ತಿಯಾಯಿತೋ, ನೀರು ಒಳಗೇ ಸಿಕ್ಕಿಕೊಂಡು ಹಿಂದಿನ ಕಲ್ಲನ್ನೂ ತಿನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೈಯಾಡಿಸದಿದ್ದರೆ ಈ ಮನೆಗಳು ಇಷ್ಟು ಕಾಲ ನಿಲ್ಲುತ್ತಿರಲಿಲ್ಲ. ಬೀದಿಯುದ್ದಕ್ಕೂ ಅವು ಇಂದಿಗೂ ನಿಂತಿವೆ ಎಂದರೆ, ನಿಮ್ಮ ಪ್ರಕಾರ "ಸತ್ತಿದ್ದ" ಆ ಐವತ್ತು ಅರುವತ್ತು ವರ್ಷ ಯಾರೋ ತೇಪೆ ಹಾಕುತ್ತಲೇ ಇದ್ದರು ಎಂದಾಯಿತು. ಅವರು ಯಾರು?

ಕಥೆ 1838ರಷ್ಟು ಹಿಂದಕ್ಕೆ ಹೋಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ. ಆದರೆ 1821ರ ರಾಜ್ಯ ಸಂವಿಧಾನದ ಪ್ರಕಾರ ಕಪ್ಪು ಗಂಡಸಿಗೆ ಮತ ಹಾಕುವ ಹಕ್ಕು ಸಿಗಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಈ ಷರತ್ತು ಇರಲಿಲ್ಲ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಜೇಮ್ಸ್ ವೀಕ್ಸ್ ಎಂಬಾತ ಹೆನ್ರಿ ಥಾಂಪ್ಸನ್ ಎಂಬ ಇನ್ನೊಬ್ಬ ಕಪ್ಪು ವ್ಯಕ್ತಿಯಿಂದ 1838ರಲ್ಲಿ ಇಲ್ಲಿ ಜಮೀನು ಕೊಂಡ. ಸುತ್ತ ಬೆಳೆದ ಊರಿಗೆ ವೀಕ್ಸ್‌ವಿಲ್ ಎಂದೇ ಹೆಸರಾಯಿತು. ಸ್ವತಂತ್ರ ಕಪ್ಪು ಜನರ ಶಾಲೆ, ಚರ್ಚು, ಪತ್ರಿಕೆ ಎಲ್ಲವೂ ಅಲ್ಲಿದ್ದವು. ನಗರ ಬೆಳೆದು ಆ ಊರನ್ನು ನುಂಗಿತು, ಹೆಸರೂ ಮರೆತುಹೋಯಿತು. 1968ರಲ್ಲಿ ಇತಿಹಾಸಕಾರ ಜೇಮ್ಸ್ ಹರ್ಲಿ ಮತ್ತು ಪೈಲಟ್ ಜೋಸೆಫ್ ಹೇನ್ಸ್ ವಿಮಾನದಿಂದ ಕೆಳಗೆ ನೋಡಿ, ಈಗಿನ ರಸ್ತೆಗಳಿಗೆ ಹೊಂದದೆ ಓರೆಯಾಗಿ ನಿಂತಿದ್ದ ಕೆಲವು ಮರದ ಮನೆಗಳನ್ನು ಗುರುತಿಸಿದರು. ಹಂಟರ್‌ಫ್ಲೈ ರಸ್ತೆಯ ಆ ಮನೆಗಳು ಇಂದಿಗೂ ಇವೆ, ಹೋಗಿ ನೋಡಬಹುದು. ಈ ಜನಕ್ಕೆ ಮನೆಯ ಕ್ರಯಪತ್ರವೆಂದರೆ ಓಟಿನ ಚೀಟಿಯೂ ಆಗಿದ್ದ ಕಾಲವೊಂದಿತ್ತು.

ಬ್ರೌನ್‌ಸ್ಟೋನ್ ಸಾಲುಗಳು ಎದ್ದದ್ದು ಮುಖ್ಯವಾಗಿ 1870ರಿಂದ 1900ರ ನಡುವೆ. 1883ರಲ್ಲಿ ಬ್ರೂಕ್ಲಿನ್ ಸೇತುವೆ ಆಯಿತು, ಮೇಲುರೈಲು ಬಂತು, ಮ್ಯಾನ್‌ಹಟನ್ನಿನಲ್ಲಿ ಕೆಲಸವಿದ್ದ ಮಧ್ಯಮ ವರ್ಗದ ಬಿಳಿಯರು ಇಲ್ಲಿ ಮನೆ ಮಾಡಿದರು. ಮಾಂಟ್ರೋಸ್ ಮಾರಿಸ್ ಎಂಬ ವಾಸ್ತುಶಿಲ್ಪಿ ನಾಸ್ಟ್ರಂಡ್ ಅವೆನ್ಯೂದಲ್ಲಿ ಕಟ್ಟಿದ ಅಲ್‌ಹಂಬ್ರಾವನ್ನು ನೋಡಿದರೆ ಆ ಕಾಲದ ಠೀವಿ ತಿಳಿಯುತ್ತದೆ. ಆಮೇಲೆ 1936ರಲ್ಲಿ ಫುಲ್ಟನ್ ಬೀದಿಯ ಅಡಿಯಲ್ಲಿ "ಎ" ಮಾರ್ಗದ ಸುರಂಗ ರೈಲು ಓಡತೊಡಗಿತು. ಹಾರ್ಲೆಮ್‌ನ ಇಕ್ಕಟ್ಟಿನಿಂದ, ದಕ್ಷಿಣದ ರಾಜ್ಯಗಳಿಂದ, ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ಕಪ್ಪು ಕುಟುಂಬಗಳು ಬಂದವು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ನಿಮ್ಮ ಪರದೆಯಲ್ಲಿ ಇದೇ ಕಾಣೆಯಾಗಿತ್ತು. 1933ರಲ್ಲಿ ಕೇಂದ್ರ ಸರ್ಕಾರ ಗೃಹಸಾಲಕ್ಕೆಂದು ಒಂದು ನಿಗಮವನ್ನು ಸ್ಥಾಪಿಸಿತು. ಅದು ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ದರ್ಜೆ ಕೊಟ್ಟಿತು. ಬ್ರೂಕ್ಲಿನ್‌ನ 1938ರ ನಕ್ಷೆಯಲ್ಲಿ ಬೆಡ್-ಸ್ಟೈಗೆ ಸಿಕ್ಕಿದ್ದು ಕೊನೆಯ ದರ್ಜೆ, ಕೆಂಪು ಬಣ್ಣ, ಅಪಾಯಕಾರಿ ಎಂಬ ಹಣೆಪಟ್ಟಿ. ಕಲ್ಲು ಅದೇ, ಬಿಲ್ಡರು ಅದೇ, ಕೆತ್ತನೆ ಅದೇ. ಕಪ್ಪು ಜನ ಬಂದಿದ್ದಾರೆ ಎಂಬುದೇ ದರ್ಜೆ ಇಳಿಸಲು ಒಂದು ಕಾರಣವಾಯಿತು. ಬ್ಯಾಂಕುಗಳು ಸಾಲ ನಿಲ್ಲಿಸಿದವು. ಸರ್ಕಾರದ ಖಾತರಿಯಿರುವ ಗೃಹಸಾಲವೆಲ್ಲ ಹೊರವಲಯದ ಹೊಸ ಬಡಾವಣೆಗಳಿಗೆ, ಬಿಳಿಯರಿಗೆ ಹೋಯಿತು. ದಲ್ಲಾಳಿಗಳು ಬಿಳಿಯರ ಬಾಗಿಲು ತಟ್ಟಿ "ಕಪ್ಪು ಜನ ಬರುತ್ತಿದ್ದಾರೆ, ಬೇಗ ಮಾರಿ" ಎಂದು ಹೆದರಿಸಿ ಅಗ್ಗಕ್ಕೆ ಕೊಂಡರು, ಅದೇ ಮನೆಯನ್ನು ಕಪ್ಪು ಕುಟುಂಬಕ್ಕೆ ದುಬಾರಿಗೆ ಮಾರಿದರು.

ಸಾಲವಿಲ್ಲದೆ ಮನೆ ಕೊಂಡದ್ದು ಹೇಗೆ? ಗಂಡ ಬಂದರಿನಲ್ಲಿ ದುಡಿದ, ಹೆಂಡತಿ ಬಿಳಿಯರ ಮನೆಗಳ ನೆಲ ಒರೆಸಿದಳು, ಮೇಲಿನ ಕೋಣೆಗಳನ್ನು ಬಾಡಿಗೆಗೆ ಬಿಟ್ಟು ತಾವು ನೆಲಮಾಳಿಗೆಯಲ್ಲಿ ಮಲಗಿದರು. ಕೆರಿಬಿಯನ್ನರು ತಮ್ಮಲ್ಲೇ "ಸುಸು" ಕಟ್ಟುತ್ತಿದ್ದರು. ನಮ್ಮ ಅಮ್ಮಂದಿರು ಬೀದಿಯಲ್ಲಿ ನಡೆಸುತ್ತಿದ್ದ ಚೀಟಿಯಂತೆಯೇ ಇದು: ವಾರವಾರ ಎಲ್ಲರೂ ಹಾಕುವುದು, ಸರದಿಯ ಮೇಲೆ ಒಬ್ಬರು ಎತ್ತುವುದು, ಬರವಣಿಗೆ ಇಲ್ಲ, ನಂಬಿಕೆಯೇ ದಸ್ತಾವೇಜು. ಚೀಟಿ ಎತ್ತಿ ಸೈಟು ಕೊಂಡ ಮನೆತನಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡಾವಣೆ ಕುಸಿದದ್ದು ಸುಳ್ಳಲ್ಲ. ಕಸ ಎತ್ತುವವರಿಲ್ಲ, ಶಾಲೆಗಳು ಕೆಟ್ಟವು, ಉದ್ಯೋಗ ಹೋಯಿತು, ಪಾಳುಬಿದ್ದ ಮನೆಗಳಿಗೆ ಬೆಂಕಿ ಬಿತ್ತು. 1977ರ ಜುಲೈಯಲ್ಲಿ ನಗರದ ಕರೆಂಟು ಹೋದ ರಾತ್ರಿ ಬ್ರೂಕ್ಲಿನ್‌ನ ಬ್ರಾಡ್‌ವೇ ರಸ್ತೆಯ ಅಂಗಡಿಗಳು ಲೂಟಿಯಾದವು. ಇದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಯೋಜನೆಯ ಕಥೆ ಕುಸಿತದಿಂದ ಸೀದಾ 2010ಕ್ಕೆ ಜಿಗಿಯುತ್ತದೆ. ನಡುವೆ ನಡೆದದ್ದು ಇಷ್ಟು.

1966ರ ಫೆಬ್ರುವರಿಯಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಬೆಡ್-ಸ್ಟೈ ಬೀದಿಗಳಲ್ಲಿ ನಡೆದು ನೋಡಿದರು. ಜತೆಗಿದ್ದವರಲ್ಲಿ ಎಲ್ಸಿ ರಿಚರ್ಡ್‌ಸನ್ ಎಂಬ ಸ್ಥಳೀಯ ಹೋರಾಟಗಾರ್ತಿ ಒಬ್ಬರು. ಅಂದು ಸಭೆಯಲ್ಲಿ ನಿವಾಸಿಗಳು ಸೆನೆಟರಿಗೆ ಮಾಲೆ ಹಾಕಲಿಲ್ಲ. ನಮ್ಮ ಮೇಲಿನ ಅಧ್ಯಯನಗಳು ಸಾಕು, ಇಟ್ಟಿಗೆ ಗಾರೆ ಯಾವಾಗ ಬರುತ್ತದೆ ಹೇಳಿ ಎಂದು ತರಾಟೆಗೆ ತೆಗೆದುಕೊಂಡರು. ಮರುವರ್ಷ ಬೆಡ್‌ಫರ್ಡ್ ಸ್ಟೈವಸೆಂಟ್ ರೆಸ್ಟೋರೇಷನ್ ಕಾರ್ಪೊರೇಷನ್ ಹುಟ್ಟಿತು. ಸಮುದಾಯವೇ ನಡೆಸುವ ಅಭಿವೃದ್ಧಿ ನಿಗಮ ಎಂಬ ಕಲ್ಪನೆಗೆ ಅಮೆರಿಕದಲ್ಲಿ ಅದೇ ಮೊದಲ ಮಾದರಿ. ಮೊದಲ ಅಧ್ಯಕ್ಷ ಇದೇ ಬಡಾವಣೆಯಲ್ಲಿ ಬೆಳೆದ ಫ್ರಾಂಕ್ಲಿನ್ ಥಾಮಸ್, ಮುಂದೆ ಫೋರ್ಡ್ ಫೌಂಡೇಷನ್ನಿನ ಅಧ್ಯಕ್ಷರಾದವರು. ಫುಲ್ಟನ್ ಬೀದಿಯಲ್ಲಿ ಪಾಳುಬಿದ್ದಿದ್ದ, ಹಾಲನ್ನು ಬಾಟಲಿಗೆ ತುಂಬುವ ಕಾರ್ಖಾನೆಯನ್ನು ನಿಗಮ ತನ್ನ ಕೇಂದ್ರವಾಗಿ ಮಾಡಿಕೊಂಡಿತು. ಅದು ಮೊದಲು ಕೈಗೆತ್ತಿಕೊಂಡ ಕೆಲಸ ಯಾವುದು ಗೊತ್ತೆ? ಬ್ರೌನ್‌ಸ್ಟೋನ್ ಮುಂಭಾಗಗಳ ದುರಸ್ತಿ. ಕೆಲಸವಿಲ್ಲದ ಸ್ಥಳೀಯ ಹುಡುಗರಿಗೆ ಗಾರೆ, ಬಣ್ಣ, ಕಬ್ಬಿಣದ ಕೆಲಸ ಕಲಿಸಿ ಕೂಲಿ ಕೊಟ್ಟರು. ಮನೆಯವರು ತೆರಬೇಕಾಗಿದ್ದದ್ದು 25 ಡಾಲರ್. ಹೀಗೆ ಸಾವಿರಾರು ಮನೆಗಳ ಮುಖ ರಿಪೇರಿಯಾಯಿತು.

ನಾನಿರುವ ಮನೆಯೂ ಅವುಗಳಲ್ಲಿ ಒಂದು. ಮೆಟ್ಟಿಲ ಪಕ್ಕದ ಕಟಕಟೆಯಲ್ಲಿ ಮೂಲ ಕಲ್ಲಿಗಿಂತ ಒಂದು ಛಾಯೆ ಕೆಂಪಾದ ತೇಪೆ ಇದೆ, ಮೊಳದಷ್ಟು ಉದ್ದ. ಅದರ ಕೆಳ ಅಂಚಿನಲ್ಲಿ, ಬಾಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಗಾರೆ ಹಸಿಯಿದ್ದಾಗ ಯಾರೋ ಬೆರಳಿನಿಂದ ಬರೆದ ಎರಡು ಇಂಗ್ಲಿಷ್ ಅಕ್ಷರಗಳಿವೆ. ನನ್ನ ಕಸುಬಿನ ಕಣ್ಣಿಗೆ ಆ ತೇಪೆ ಅಷ್ಟೇನೂ ನಾಜೂಕಾಗಿಲ್ಲ. ಅಂಚು ದಪ್ಪ, ಸಿಮೆಂಟು ತುಸು ಹೆಚ್ಚು. ಆದರೂ ಬಿಟ್ಟಿಲ್ಲ, ಗಟ್ಟಿಯಾಗಿ ಹಿಡಿದಿದೆ. ಕಳೆದ ವರ್ಷ ಮುಂಭಾಗಕ್ಕೆ ಹೊಸ ಗಾರೆ ಬಳಿಸಿದಾಗ ಮನೆಯೊಡತಿ ಅದೊಂದನ್ನು ಮುಟ್ಟಗೊಡಲಿಲ್ಲ.

ಇದೇ ಕಾಲದಲ್ಲಿ ಲಾಫಯೆಟ್ ಅವೆನ್ಯೂದಲ್ಲಿ ಹ್ಯಾಟಿ ಕಾರ್ಥನ್ ಎಂಬ ಅಜ್ಜಿ ಒಂದು ಮರಕ್ಕಾಗಿ ಜಗಳಕ್ಕೆ ನಿಂತಿದ್ದರು. ಸುಮಾರು 1885ರಲ್ಲಿ ಉತ್ತರ ಕ್ಯಾರೊಲಿನಾದಿಂದ ತಂದು ನೆಟ್ಟಿದ್ದ ಮ್ಯಾಗ್ನೋಲಿಯಾ ಅದು. ದಕ್ಷಿಣದ ಬೆಚ್ಚನೆಯ ಹವೆಯ ಮರ, ಬ್ರೂಕ್ಲಿನ್ನಿನ ಚಳಿಯಲ್ಲಿ ಬದುಕಿದ್ದೇ ವಿಶೇಷ. ಸುತ್ತಲಿನದನ್ನು ಕೆಡವುವ ಯೋಜನೆ ಬಂದಾಗ ಆಕೆ ಹಟ ಹಿಡಿದು, 1970ರಲ್ಲಿ ಮರವನ್ನೇ ನಗರದ ಸಂರಕ್ಷಿತ ಸ್ಮಾರಕವಾಗಿ ಘೋಷಿಸುವಂತೆ ಮಾಡಿದರು. ಮರಕ್ಕೆ ಉತ್ತರದ ಗಾಳಿ ತಡೆಯಲು ಹಿಂದಿನ ಮೂರು ಬ್ರೌನ್‌ಸ್ಟೋನ್ ಮನೆಗಳೂ ಉಳಿಯಬೇಕಿತ್ತು, ಉಳಿದವು. ಮಕ್ಕಳ ದಂಡು ಕಟ್ಟಿಕೊಂಡು ಆಕೆ ಬೀದಿಗಳಲ್ಲಿ ನೆಡಿಸಿದ ಗಿಡಗಳು ಇಂದು ಮರಗಳಾಗಿವೆ. ನಿಮ್ಮ ಪರದೆಯ ಮೇಲೆ "ನೆರಳಿನ ಬೀದಿಗಳು, ಮಾರಾಟಕ್ಕೆ ಅನುಕೂಲ" ಎಂದಿತ್ತಲ್ಲ, ಆ ನೆರಳಿನಲ್ಲಿ ಆ ಅಜ್ಜಿಯ ಪಾಲೂ ಇದೆ.

1971ರಲ್ಲಿ ಸ್ಟೈವಸೆಂಟ್ ಹೈಟ್ಸ್ ಸಂರಕ್ಷಿತ ಪ್ರದೇಶವಾಯಿತು. 1978ರಲ್ಲಿ ಇಲ್ಲಿನ ಮನೆಯವರು ಬ್ರೌನ್‌ಸ್ಟೋನರ್ಸ್ ಎಂಬ ಸಂಘ ಕಟ್ಟಿ, ತಮ್ಮ ಬಡಾವಣೆಯ ಹೆಸರು ಕೆಡಿಸಿದವರಿಗೆ ಉತ್ತರವಾಗಿ ವರ್ಷಕ್ಕೊಂದು ಸಲ ಮನೆಗಳ ಬಾಗಿಲು ತೆರೆದು ತೋರಿಸತೊಡಗಿದರು. ಅಕ್ಟೋಬರ್‌ನಲ್ಲಿ ಅದು ಈಗಲೂ ನಡೆಯುತ್ತದೆ.

ಬ್ರೌನ್‌ಸ್ಟೋನ್ ಬೀದಿಗಳಿಗೆ ಮತ್ತೆ ಜೀವ ತಂದವರೆಂದರೆ ಸಾಮಾನ್ಯವಾಗಿ ಬ್ರೂಕ್ಲಿನ್‌ನದೇ ಇನ್ನೊಂದು ಬಡಾವಣೆಯಾದ ಪಾರ್ಕ್ ಸ್ಲೋಪ್‌ನ ಬಿಳಿಯ ಯುವ ದಂಪತಿಗಳ ಹೆಸರು ಬರುತ್ತದೆ. ಎವರೆಟ್ ಆರ್ಟ್‌ನರ್ ಮತ್ತಿತರರು 1968ರಲ್ಲಿ ಸಮಿತಿ ಕಟ್ಟಿದರು, ಬ್ಯಾಂಕುಗಳೊಂದಿಗೆ ಗುದ್ದಾಡಿದರು, 1973ರಲ್ಲಿ ಆ ಬಡಾವಣೆಗೂ ಸಂರಕ್ಷಣೆ ಸಿಕ್ಕಿತು. ಅವರ ಶ್ರಮ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಅದೇ ವರ್ಷಗಳಲ್ಲಿ, ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ, ಬಿಟ್ಟು ಹೋಗದೆ ಇದ್ದಲ್ಲೇ ಇದ್ದು ಮನೆ ಉಳಿಸಿಕೊಂಡವರನ್ನು ಇತಿಹಾಸದಿಂದ ಹೊರಗಿಟ್ಟು, ಅವರ ಮನೆಗೆ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಈಗಿನ ಸಂಗತಿಗೆ ಬರುತ್ತೇನೆ. ದಶಕಗಳ ಕಾಲ ಸಾಲ ಕೊಡದ ಬಡಾವಣೆಯನ್ನು 2000ದ ನಂತರ ಸಬ್‌ಪ್ರೈಮ್ ಸಾಲಗಳು (ತೀರಿಸುವ ಶಕ್ತಿ ಕಡಿಮೆ ಎಂದು ಎಣಿಸಿದವರಿಗೆ ದುಬಾರಿ ಬಡ್ಡಿಗೆ ಕೊಡುವ ಸಾಲ) ಹುಡುಕಿಕೊಂಡು ಬಂದವು. 2008ರ ಹೊತ್ತಿಗೆ ಮನೆಗಳು ಜಪ್ತಿಯಾಗತೊಡಗಿದವು. ಅದಾದ ಮೇಲೆ ನಗದು ಹಿಡಿದ ಕಂಪನಿಗಳು ಬಂದವು. 2010 ಮತ್ತು 2020ರ ಜನಗಣತಿಗಳ ನಡುವೆ ಬೆಡ್-ಸ್ಟೈನಲ್ಲಿ ಕಪ್ಪು ನಿವಾಸಿಗಳ ಸಂಖ್ಯೆ 22 ಸಾವಿರಕ್ಕೂ ಹೆಚ್ಚು ಇಳಿಯಿತು, ಬಿಳಿಯರದು 30 ಸಾವಿರಕ್ಕೂ ಹೆಚ್ಚು ಏರಿತು. ಇದರಲ್ಲಿ ಒಳ್ಳೆಯ ಬೆಲೆಗೆ ತಾವಾಗಿಯೇ ಮಾರಿ ದಕ್ಷಿಣಕ್ಕೆ ಹೋದವರೂ ಇದ್ದಾರೆ, ಅದು ಅವರ ಹಕ್ಕು, ಅವರ ಬೆವರಿನ ಹಣ. ಆದರೆ ಕ್ರಯಪತ್ರದ ಕಳ್ಳತನ ಎಂಬುದೂ ಇದೆ. ಸಾಲದ ನೆರವು ಎಂದು ಹೇಳಿ ಮುದುಕರಿಂದ ಸಹಿ ಹಾಕಿಸಿಕೊಂಡು ಮನೆ ಬರೆಸಿಕೊಳ್ಳುವುದು, ಇಲ್ಲವೇ ಸಹಿಯನ್ನೇ ಖೋಟಾ ಮಾಡುವುದು. 2014ರಿಂದ 2023ರವರೆಗೆ ನಗರದ ಶೆರಿಫ್ ಕಚೇರಿಗೆ ಇಂಥ ಸುಮಾರು 3,500 ದೂರುಗಳು ಬಂದವು, ಅವುಗಳಲ್ಲಿ ಬ್ರೂಕ್ಲಿನ್‌ನ ಪಾಲು ದೊಡ್ಡದು. 2024ರ ಜುಲೈಯಿಂದ ರಾಜ್ಯ ಇದನ್ನು ಪ್ರತ್ಯೇಕವಾಗಿ ಅಪರಾಧವೆಂದು ಸಾರಿದೆ.

ನಿಮ್ಮ ಯೋಜನೆ ಕಳ್ಳತನವೆಂದು ನಾನು ಹೇಳುತ್ತಿಲ್ಲ. ನನಗೆ ಕಸಿವಿಸಿಯಾಗಿರುವುದು ಅದರಲ್ಲಿದ್ದ ಒಂದು ಸಾಲಿನಿಂದ: "ವಾರಸುದಾರರ ಪಾಲು ಕೊಂಡರೆ ಅರ್ಧ ಬೆಲೆಗೆ ಪ್ರವೇಶ." ಇದು ನಮಗೆ ಹೊಸದೇನಲ್ಲ. ಅಜ್ಜ ಉಯಿಲು ಬರೆಯದೆ ತೀರಿಕೊಂಡ, ಪೌತಿ ಖಾತೆ ಆಗಲಿಲ್ಲ, ಮನೆ ನಾಲ್ವರು ಮಕ್ಕಳ ಹೆಸರಿಗೂ ಹೌದು, ಯಾರ ಹೆಸರಿಗೂ ಅಲ್ಲ. ಮನೆ ನೋಡಿಕೊಂಡು ತೆರಿಗೆ ಕಟ್ಟುತ್ತಾ ಬಂದವಳು ಒಬ್ಬಳು ಮಗಳು. ಎಲ್ಲೋ ದೂರದಲ್ಲಿರುವ ಒಬ್ಬ ಮೊಮ್ಮಗನನ್ನು ಹುಡುಕಿ ಅವನ ಪಾಲನ್ನು ಚಿಲ್ಲರೆ ಹಣಕ್ಕೆ ಕೊಂಡು, ವಿಭಾಗ ದಾವೆ ಹೂಡಿ, ಇಡೀ ಮನೆ ಹರಾಜಿಗೆ ಬರುವಂತೆ ಮಾಡುವುದು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಯಲ್ಲೇ, ಕೆಲವು ವರ್ಷಗಳ ಹಿಂದೆ. ಎಪ್ಪತ್ತು ದಾಟಿದ ನಿವೃತ್ತ ನರ್ಸ್ ಒಬ್ಬರು. ಜಾರ್ಜಿಯಾದಲ್ಲಿದ್ದ ಅಣ್ಣನ ಮಗ ತನ್ನ ಪಾಲನ್ನು ಒಂದು ಕಂಪನಿಗೆ ಮಾರಿದ್ದು ಅವರಿಗೆ ತಿಳಿದದ್ದು ನ್ಯಾಯಾಲಯದ ನೋಟಿಸು ಬಂದ ಮೇಲೆ. ಓದಿ ಅರ್ಥ ಹೇಳು ಎಂದು ನನ್ನ ಕೈಗೆ ಕೊಟ್ಟರು. ಕಂಪನಿಯ ಪರವಾಗಿ ಸಹಿ ಮಾಡಿದ್ದವರ ಹೆಸರು ಓದಿದೆ. ಅದು ಅಚ್ಚ ಕನ್ನಡದ ಮನೆತನದ ಹೆಸರು. ಆಕೆ "ನಿಮ್ಮ ಕಡೆಯವರೇ?" ಎಂದು ಕೇಳಿದಾಗ ಹೌದು ಎಂದೆ. ಆ ಪತ್ರದ ಪ್ರತಿ ನನ್ನ ಬಳಿ ಇದೆ, ಹೆಸರನ್ನು ಇಲ್ಲಿ ಬರೆಯುವುದಿಲ್ಲ. 2019ರಲ್ಲಿ ರಾಜ್ಯ ತಂದ ಕಾನೂನಿನ ಪ್ರಕಾರ ನ್ಯಾಯಾಲಯ ಬೆಲೆ ಕಟ್ಟಿಸಿ, ದಾವೆ ಹೂಡಿದವರ ಪಾಲನ್ನು ಉಳಿದ ಪಾಲುದಾರರೇ ಕೊಳ್ಳಲು ಮೊದಲ ಅವಕಾಶ ಕೊಡಬೇಕು. ಕೊಟ್ಟಿತು ಕೂಡ. ಗಡುವಿನೊಳಗೆ ಅಷ್ಟು ಹಣ ಹೊಂದಿಸಲು ಪಿಂಚಣಿಯ ಮುದುಕಿಯಿಂದ ಆಗಲಿಲ್ಲ. ಈಗ ಆ ಮನೆಯ ಬಾಗಿಲಿಗೆ ಬೂದು ಬಣ್ಣ ಬಳಿದು ಅಂಕಿಗಳ ಬೀಗ ಹಾಕಿದ್ದಾರೆ, ಸಂಜೆ ಹೊತ್ತು ಆಕೆ ಕೂರುತ್ತಿದ್ದ ಮುಂಭಾಗದ ಮೆಟ್ಟಿಲಿನ ಮೇಲೆ ಕ್ಯಾಮೆರಾ ಇದೆ.

2024ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ವಾರಸುದಾರನಿಂದ ಪಾಲು ಕೊಂಡ ಹೊರಗಿನವರು ವಿಭಾಗ ದಾವೆ ಹೂಡದಂತೆ ತಿದ್ದುಪಡಿ ಬಂತು. ಯುಗಾದಿ ಕೂಟದಲ್ಲಿ ಇದಕ್ಕೂ ಉಪಾಯ ಹೇಳಿಕೊಟ್ಟರು: ದಾವೆ ಮೊಮ್ಮಗನೇ ಹೂಡಲಿ, ವಕೀಲರ ಖರ್ಚು ನಾವು ಕೊಡೋಣ, ಆಮೇಲೆ ನೋಡಿಕೊಳ್ಳೋಣ. ಕಾನೂನಿನ ಅಕ್ಷರ ಇದನ್ನು ತಡೆಯುತ್ತದೆಯೋ ಇಲ್ಲವೋ ವಕೀಲರು ಹೇಳಲಿ. ಆದರೆ ದಾಯಾದಿಗಳ ಜಗಳಕ್ಕೆ ದುಡ್ಡು ಹಾಕಿ ಮನೆ ಮುರಿಸುವವನನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ಸಲಹೆಯೂ ಇತ್ತು. ಸಂರಕ್ಷಿತ ಪಟ್ಟಿಯ ಹೊರಗಿರುವ ಬೀದಿಗಳನ್ನೇ ಆರಿಸಿ, ಕೆಡವಬಹುದು, ಮಹಡಿ ಏರಿಸಬಹುದು. ಹೌದು, ಆಗುತ್ತದೆ. 2022ರಲ್ಲಿ ವಿಲ್ಲೋಬಿ ಅವೆನ್ಯೂದ ಡ್ಯಾಂಗ್ಲರ್ ಮಹಲಿಗೆ ಹಾಗೆಯೇ ಆಯಿತು. ನೂರಿಪ್ಪತ್ತು ವರ್ಷದ ಹಳೆಯ ಮಹಲು ಅದು. ನೆರೆಹೊರೆಯವರು ಸಹಿ ಸಂಗ್ರಹಿಸಿದರು, ಸಂರಕ್ಷಣಾ ಆಯೋಗ ಜುಲೈಯಲ್ಲಿ ಸಾರ್ವಜನಿಕ ಅಹವಾಲನ್ನೂ ಕೇಳಿತು. ತೀರ್ಮಾನ ಬರುವ ಮುಂಚೆ ಕೆಡವುವ ಪರವಾನಗಿಗಿದ್ದ ತಡೆ ಮುಗಿದುಹೋಯಿತು, ಅದೇ ತಿಂಗಳು ಯಂತ್ರಗಳು ಬಂದು ಮುಗಿಸಿದವು. ಆ ನೋವಿನಿಂದಲೇ ಜನ ಪಟ್ಟು ಹಿಡಿದು 2024ರಲ್ಲಿ ವಿಲ್ಲೋಬಿ-ಹಾರ್ಟ್ ಬೀದಿಗಳಿಗೆ ಸಂರಕ್ಷಣೆ ಪಡೆದರು.

"ನಾವು ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ" ಎನ್ನುವಿರಿ. ಕೊಳ್ಳಲಿ. ಆ ನೋಟಿಸಿನಲ್ಲಿ ನಮ್ಮ ಹೆಸರು ಇರುವುದಿಲ್ಲ. ಮತ್ತೆ ಒಂದು ಮಾತು: ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದು ಬಂದದ್ದು ನಾಗರಿಕ ಹಕ್ಕುಗಳ ಚಳವಳಿಯ ಬಿಸಿಯಲ್ಲಿ. ಆ ಚಳವಳಿಯಲ್ಲಿ ನಡೆದವರು, ಇದೇ ಬಡಾವಣೆಯಿಂದ 1968ರಲ್ಲಿ ಶರ್ಲಿ ಚಿಸಮ್ ಅವರನ್ನು ಮೊದಲ ಕಪ್ಪು ಮಹಿಳೆಯಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದವರು, ಇನ್ನೂ ಈ ಮನೆಗಳಲ್ಲಿ ಬದುಕಿದ್ದಾರೆ. ನಿಮ್ಮ ಪಟ್ಟಿಯಲ್ಲಿರುವ "ವಯಸ್ಸಾದ ಮಾಲೀಕರು" ಅವರೇ.

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದು ಹಣ ಹೂಡುವವರಿಗೆ: ಅವಿಭಕ್ತ ಪಾಲುಗಳನ್ನು ಕೊಳ್ಳುವ ಯಾವ ಯೋಜನೆಗೂ, ಅದಕ್ಕೆ ದಾವೆಯ ಖರ್ಚು ಕೊಡುವ ಯಾವ ಯೋಜನೆಗೂ ಒಂದು ಡಾಲರನ್ನೂ ಕೊಡಬೇಡಿ. ಮನೆ ಬೇಕಿದ್ದರೆ ಇಡೀ ಮನೆಯನ್ನು, ಮಾರಲು ಮನಸ್ಸಿರುವವರಿಂದ, ಅವರ ಪರವಾಗಿ ಅವರದೇ ವಕೀಲರು ಕೂತಿರುವಾಗ, ನಿಮ್ಮ ಸ್ವಂತ ಹೆಸರಿನಲ್ಲಿ ಕೊಳ್ಳಿ. ಕಂಪನಿಯ ಹೆಸರಿನ ಹಿಂದೆ ಅಡಗಬೇಡಿ. ಇರುವ ಬಾಡಿಗೆದಾರರನ್ನು ಉಳಿಸಿಕೊಳ್ಳಿ. ಸಾಧ್ಯವಾದರೆ ನೀವೇ ಬಂದು ಇರಿ. ನೆರೆಯವರು ಮೊದಲ ದಿನವೇ ಹೆಸರು ಕೇಳುತ್ತಾರೆ, ಎರಡನೆಯ ದಿನ ಕಸದ ಡಬ್ಬ ಎಲ್ಲಿಡಬೇಕೆಂದು ಗದರುತ್ತಾರೆ, ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಒಳಗಿನ ಮರದ ಕೆತ್ತನೆ, ಜಾರುವ ಬಾಗಿಲು, ಅಗ್ಗಿಷ್ಟಿಕೆಯ ಕಟ್ಟನ್ನು ಕಸದ ಲಾರಿಗೆ ತುಂಬಬೇಡಿ. ಮುಂಭಾಗದ ವಿಷಯದಲ್ಲಿ ಸಂದೇಹವಿದ್ದರೆ ನನ್ನನ್ನು ಕೇಳಿ, ಬಿಟ್ಟಿ ಬಂದು ತಟ್ಟಿ ನೋಡುತ್ತೇನೆ.

ಎರಡನೆಯದು ಕೂಟದ ಪದಾಧಿಕಾರಿಗಳಿಗೆ. ಯುಗಾದಿಯ ವೇದಿಕೆ, ಸಂಘದ ಲಾಂಛನ, ಸದಸ್ಯರ ಇಮೇಲ್ ಪಟ್ಟಿ ಇವುಗಳನ್ನು ಹಣ ಹೂಡಿಕೆಯ ಪ್ರಚಾರಕ್ಕೆ ಕೊಡಬೇಡಿ. ಈ ಯೋಜನೆಯಲ್ಲಿ ಪದಾಧಿಕಾರಿಗಳಲ್ಲಿ ಯಾರಿಗಾದರೂ ಪಾಲಿದ್ದರೆ ಅದನ್ನು ಸದಸ್ಯರಿಗೆ ತಿಳಿಸಿ. ದಸರೆಯ ಕಾರ್ಯಕ್ರಮಕ್ಕೆ ಪ್ರಾಯೋಜಕರಾಗುವುದಾಗಿ ಅವರು ಮಾತು ಕೊಟ್ಟಿದ್ದಾರೆಂದು ಕೇಳಿದ್ದೇನೆ. ನಿಜವಾದರೆ ಆ ಹಣವನ್ನು ಒಪ್ಪಿಕೊಳ್ಳಬೇಡಿ. ಹೋಳಿಗೆಯಲ್ಲಿ ತುಪ್ಪ ಸ್ವಲ್ಪ ಕಡಿಮೆಯಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರನೆಯದು ನಮ್ಮಲ್ಲಿರುವ ವಕೀಲರು, ಲೆಕ್ಕಪರಿಶೋಧಕರು, ಸಾಫ್ಟ್‌ವೇರ್‌ನವರಿಗೆ. ಈ ಮನೆಗಳು ಕೈತಪ್ಪುವುದು ಹೆಚ್ಚಾಗಿ ಕಾಗದಪತ್ರದ ಕೊರತೆಯಿಂದ. ಉಯಿಲು ಇರುವುದಿಲ್ಲ, ಖಾತೆ ಬದಲಾಗಿರುವುದಿಲ್ಲ, ನೀರಿನ ಬಿಲ್ಲು ಬಾಕಿ ಬೆಳೆದಿರುತ್ತದೆ. ನಗರದ ಹಣಕಾಸು ಇಲಾಖೆಯಲ್ಲಿ ಒಂದು ಉಚಿತ ಸೌಲಭ್ಯವಿದೆ. ಹೆಸರು ನೋಂದಾಯಿಸಿಕೊಂಡರೆ, ನಿಮ್ಮ ಆಸ್ತಿಯ ಮೇಲೆ ಯಾರಾದರೂ ಯಾವುದೇ ಪತ್ರ ನೋಂದಣಿ ಮಾಡಿಸಿದ ಕೂಡಲೇ ನಿಮಗೆ ಸೂಚನೆ ಬರುತ್ತದೆ. ಕಡಿಮೆ ಆದಾಯದ ಹಿರಿಯ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿಯೂ ಇದೆ. ನಮ್ಮ ಬೀದಿಯಲ್ಲಿ ವಿಚಾರಿಸಿದಾಗ ಎರಡರ ಬಗ್ಗೆಯೂ ಅನೇಕರಿಗೆ ತಿಳಿದಿರಲಿಲ್ಲ. ನಮ್ಮ ಬೀದಿಯ ಚರ್ಚಿನ ಕೆಳಮಹಡಿಯಲ್ಲಿ ಶನಿವಾರ ಬೆಳಗ್ಗೆ ಮೇಜು ಹಾಕಲು ಪಾದ್ರಿಗಳು ಒಪ್ಪಿದ್ದಾರೆ. ಲ್ಯಾಪ್‌ಟಾಪ್ ತರಬಲ್ಲ ನಾಲ್ಕು ಜನ, ಉಯಿಲು ಬರೆಸಲು ನೆರವಾಗಬಲ್ಲ ಒಬ್ಬ ವಕೀಲರು ಸಿಕ್ಕರೆ ಮುಂದಿನ ತಿಂಗಳಿನಿಂದಲೇ ಶುರು ಮಾಡಬಹುದು. ಕಾಫಿ ನನ್ನದು, ಹಾಸನದ್ದು.

ಯೋಜನೆ ಮಂಡಿಸಿದ ಇಬ್ಬರು ಮಹನೀಯರಿಗೆ ಕಡೆಯದಾಗಿ ಅವೇ ಎರಡು ಪ್ರಶ್ನೆಗಳು. ಮನೆಗಳನ್ನು ಯಾರಿಂದ ಕೊಳ್ಳುತ್ತೀರಿ? ಯಾವ ರೀತಿಯಲ್ಲಿ ಕೊಳ್ಳುತ್ತೀರಿ? ಉತ್ತರವನ್ನು ಬರವಣಿಗೆಯಲ್ಲಿ, ಇಲ್ಲಿ ಓದುತ್ತಿರುವ ಎಲ್ಲರಿಗೂ ಕಾಣುವಂತೆ, ದಸರೆಯ ಕೂಟಕ್ಕಿಂತ ಮುಂಚೆ ಕೊಡಬೇಕೆಂದು ವಿನಂತಿ. ಆಗ ಹಬ್ಬದ ದಿನ ಕೋರ್ಟು ಕಚೇರಿಯ ಮಾತು ಎತ್ತುವ ಅಗತ್ಯ ನನಗೂ ಬೀಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬೆಡ್‌ಫರ್ಡ್-ಸ್ಟೈವಸೆಂಟ್‌ನ ಒಬ್ಬ ಕನ್ನಡಿಗ ಬಾಡಿಗೆದಾರ